ಅರ್ಧ ಹೂವಿನ ಅಂಗಡಿ

ಆ ಮನುಷ್ಯನ ಮುಖಕ್ಕಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಅವನ ಕಾಲುಗಳು.

ಅದೂ ಎಲ್ಲಿ? ಅವಳ ಅಂಗಡಿಯ ನಟ್ಟನಡುವೆ, ಅವಳದೇ ಏಣಿಯ ಮೇಲೆ. ಸೊಂಟದವರೆಗೆ ಮನುಷ್ಯ, ಅದರಿಂದಾಚೆ ಬರೀ ಸೀಲಿಂಗು. ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಆತ ತಲೆಯನ್ನು ಒಳಗೆ ತೂರಿಸಿಕೊಂಡಿದ್ದ. ಮೇಲಿನಿಂದ ಧೂಳು ಸುರಿಯುತ್ತಿತ್ತು. ಸುರಿದದ್ದೆಲ್ಲ ನೇರವಾಗಿ ಬೀಳುತ್ತಿದ್ದದ್ದು, ಅವಳು ಬೆಳಗಿನಿಂದ ಉಜ್ಜಿ ಉಜ್ಜಿ ಫಳಫಳ ಮಾಡಿಟ್ಟಿದ್ದ ಮೊಟ್ಟೆಯಾಕಾರದ ಕನ್ನಡಿಯ ಮೇಲೆ.

ಅಂಗಡಿ ಮುಚ್ಚಿ, ಗಿರಾಕಿಗೆ ಒಂದು ಫ್ರೇಮು ತಲುಪಿಸಿ ಬರಲೆಂದು ಹಿಂದಿನ ಬೀದಿಗೆ ಹೋಗಿದ್ದಳು. ಅಷ್ಟರಲ್ಲಿ ಇಷ್ಟಾಗಿತ್ತು.

"ಇಳೀರಿ ಕೆಳಗೆ," ಎಂದಳು.

"ಒಂದೇ ನಿಮಿಷ... ತೊಲೆ ಕಾಣಿಸ್ತಾ ಇದೆ. ಇನ್ನೆರಡು ಹಲಗೆ ತೆಗೆದ್ರೆ ಅದರ ತುದಿ ಕೂಡ—"

"ಇಳೀರಿ ಅಂದೆ!"

ಕಾಲುಗಳು ಗಾಬರಿಯಿಂದ ಇಳಿದವು. ಅವುಗಳ ಹಿಂದೆಯೇ ಉಳಿದ ಮನುಷ್ಯನೂ ಇಳಿದ. ತಲೆ, ಹುಬ್ಬು, ಮೀಸೆ ಎಲ್ಲ ಬೂದುಬಣ್ಣ. ಹಿಟ್ಟಿನ ಗಿರಣಿಯಲ್ಲಿ ಮಲಗಿದ್ದು ಎದ್ದು ಬಂದವನಂತಿದ್ದ. ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಬಂದದ್ದು ಸೀನು. ಅದೂ ಹೋಗಿ ಬಿದ್ದದ್ದು ಅದೇ ಕನ್ನಡಿಯ ಮೇಲೆ.

ಅವಳಿಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಆ ಮುಖ ನೋಡಿ ನಗು ಬರಬೇಕೇ? ತುಟಿ ಕಚ್ಚಿ ಹಿಡಿದುಕೊಂಡಳು.

"ನನ್ನ ಹತ್ರ ಇರೋ ಕೀಲೀಲಿ ನಾನೇ ಬಾಗಿಲು ತೆಗೆದೆ ಕಣಮ್ಮ," ಎನ್ನುತ್ತ ಪಕ್ಕದ ಅಂಗಡಿಯ ಟೈಲರ್ ಮಾವ ಕುತ್ತಿಗೆಗೆ ಟೇಪು ಹಾಕಿಕೊಂಡೇ ಓಡಿ ಬಂದರು. "ಇವರು ಇಂಜಿನಿಯರ್ರು. ಯಜಮಾನಿಯವರೇ ಕಳಿಸಿದಾರೆ, ಮನೆ ನೋಡೋಕೆ."

ಮನೆ ನೋಡೋಕೆ... ಅವಳ ನಗು ಅಲ್ಲೇ ಆರಿಹೋಯಿತು.

ಅದು ನಿಜಕ್ಕೂ ಮನೆಯೇ. ಒಂದು ಕಾಲಕ್ಕೆ ಒಂದೇ ದೊಡ್ಡ ಕುಟುಂಬ ಉಂಡು, ಜಗಳವಾಡಿ, ಮಲಗಿದ ಎರಡಂತಸ್ತಿನ ಮನೆ. ಈಗ ಊಟದ ಕೋಣೆಯಲ್ಲಿ ಚಪ್ಪಲಿ ಅಂಗಡಿ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೀಲಿಕೈ ಮಾಡುವವನು. ಮಹಡಿಯ ಮಲಗುವ ಕೋಣೆಗಳಲ್ಲಿ ಮಕ್ಕಳಿಗೆ ಟ್ಯೂಷನ್. ಬೀದಿಯಿಂದ ನೋಡಿದರೆ ಬರೀ ಶಟರು, ಬೋರ್ಡು. ತಲೆಯೆತ್ತಿದವರಿಗೆ ಮಾತ್ರ ಮಹಡಿಯ ಕಮಾನು ಕಿಟಕಿಗಳೂ ಅವುಗಳ ಮೇಲಿನ ಗಾರೆ ಬಳ್ಳಿಗಳೂ ಕಾಣುತ್ತವೆ. ಪೇಟೆಯಲ್ಲಿ ತಲೆಯೆತ್ತಿ ನಡೆಯುವವರು ಯಾರು, ಹೇಳಿ?

ಮುಂದಿನ ದೊಡ್ಡ ಹಜಾರವನ್ನು ಪ್ಲೈವುಡ್ಡಿನ ಗೋಡೆ ಹಾಕಿ ಎರಡು ಅಂಗಡಿ ಮಾಡಿದ್ದರು. ಒಂದು ಟೈಲರ್ ಮಾವನದು. ಇನ್ನೊಂದು ಇವಳ ಅಪ್ಪ ಶುರು ಮಾಡಿದ ಗಾಜು, ಕನ್ನಡಿ, ಫೋಟೋ ಫ್ರೇಮಿನ ಅಂಗಡಿ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಗಾಜು ಕತ್ತರಿಸುವ ಕೆಲಸವೆಲ್ಲ ಇವಳದೇ. ಅಪ್ಪ ಮೂಲೆಯ ಸ್ಟೂಲಿನ ಮೇಲೆ ಕುಳಿತು ಗಿರಾಕಿಗಳ ಜೊತೆ ಮಾತಾಡುತ್ತಾರೆ. ಬೀದಿಯವರೆಲ್ಲ ಅವಳನ್ನು ಕರೆಯುವುದೇ 'ಕನ್ನಡಿ' ಎಂದು.

"ನೋಡಿ ಏನ್ಮಾಡ್ತೀರಿ?" ಎಂದು ಕೇಳಿದಳು.

ಇಂಜಿನಿಯರ್ ಮುಖ ಒರೆಸಿಕೊಂಡ. ಒರೆಸಿದ ಕಡೆ ಮಾತ್ರ ಮನುಷ್ಯನ ಬಣ್ಣ ಬಂತು. "ಯಜಮಾನಿಯವರಿಗೆ ಹೆದರಿಕೆ. ಹಳೇ ಮನೆ, ಎಲ್ಲಾ ಕಡೆ ಬಿರುಕು. ಗೋಡೆ ಇನ್ನೂ ಸರೀತಾ ಇದ್ರೆ ಕೆಡವಿ ಹೊಸ ಕಟ್ಟಡ ಕಟ್ಟೋಕೆ ಕೊಟ್ಟುಬಿಡ್ತಾರಂತೆ. ಸರಿಯದೆ ನಿಂತಿದ್ರೆ ಉಳಿಸ್ಕೋತಾರೆ."

"ಅದನ್ನ ಹೇಳೋರು ಯಾರು?"

"ನಾನು," ಎಂದ ಆತ, ತಪ್ಪು ಮಾಡಿದವನ ದನಿಯಲ್ಲಿ.

ಹೊಸ ಕಟ್ಟಡದ ಬಾಡಿಗೆ ಗಾಜಿನಂಗಡಿಗೆ ಎಟುಕುವುದಿಲ್ಲ. ಅದು ಅವಳಿಗೂ ಗೊತ್ತು, ಆಗತಾನೇ ಬಂದು ಮೂಲೆಯಲ್ಲಿ ಕುಳಿತ ಅಪ್ಪನಿಗೂ ಗೊತ್ತು. ಅಪ್ಪ ನಡುಗುವ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡರು.

'ಈ ಧೂಳಪ್ಪನ ಕೈಯಲ್ಲಿದೆಯಾ ನಮ್ಮ ಬದುಕು?' ಎಂದುಕೊಂಡಳು. ಹೆಸರು ಅಂದೇ ಇಟ್ಟಾಯಿತು.

---

ಮಾರನೆಯ ದಿನ ಧೂಳಪ್ಪ ಮತ್ತೆ ಬಂದ. ಈ ಸಲ ಬಾಗಿಲಲ್ಲೇ ನಿಂತ.

"ಒಳಗೆ ಬರಬಹುದಾ?"

"ಏಣಿ ಹತ್ತಲ್ಲ ಅಂದ್ರೆ ಬನ್ನಿ."

"ಹತ್ತಲ್ಲ. ಗಿರಾಕಿಯಾಗಿ ಬಂದಿದೀನಿ. ಗಾಜಿನ ಪಟ್ಟಿಗಳು ಬೇಕಿತ್ತು, ಬೆರಳಗಲ ಸಾಕು. ಆದಷ್ಟು ತೆಳು."

ಅವಳು ಕಟ್ಟರ್ ತೆಗೆದು ಒಂದು ಗೀರು ಎಳೆದಳು. ಮೇಜಿನ ಅಂಚಿಗಿಟ್ಟು ಸುಮ್ಮನೆ ಅದುಮಿದಳು. ಪಟ್ಟಿ ಟಿಕ್ ಎಂದು ಬಿಡಿಸಿಕೊಂಡು ಕೈಗೆ ಬಂತು. ಬೆಣ್ಣೆಯಿಂದ ಕೂದಲು ತೆಗೆದಂಥ ಕೆಲಸ. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಇಷ್ಟು ಚಿಕ್ಕ ಗಾಜು ಯಾವ ಫೋಟೋಗೆ?"

"ಫೋಟೋಗಲ್ಲ, ಗೋಡೆಗೆ." ಅವನು ಪ್ಲೈವುಡ್ ಗೋಡೆ ಬೀದಿಯ ಕಡೆ ಮುಗಿಯುವ ಜಾಗಕ್ಕೆ ಹೋದ. ಅವಳ ಶಟರಿಗೂ ಮಾವನ ಶಟರಿಗೂ ನಡುವೆ ಅಲ್ಲೊಂದು ಕಿರಿದಾದ ಇಟ್ಟಿಗೆ ಗೋಡೆ. ಅದರ ಮೇಲೆ ಅವಳ ಕಡೆಗೊಂದು ಬಿರುಕು. "ಈ ಬಿರುಕಿಗೆ ಅಡ್ಡವಾಗಿ ಗಾಜಿಟ್ಟು, ಎರಡೂ ತುದೀಲಿ ಪಿಒಪಿ ಗಾರೆ ಮೆತ್ತಿಬಿಡ್ತೀನಿ. ಗೋಡೆ ಕೂದಲೆಳೆಯಷ್ಟು ಸರಿದ್ರೂ ಗಾಜು ಮುರಿಯುತ್ತೆ. ಸರಿಯದಿದ್ರೆ ಹಾಗೇ ಇರುತ್ತೆ. ಮಳೆಗಾಲ ಮುಗಿಯೋವರೆಗೂ ನೋಡೋಣ."

"ಒಂದೂ ಮುರೀದಿದ್ರೆ?"

"ಮನೆ ಗಟ್ಟಿ ಇದೆ ಅಂತ ಬರೆದುಕೊಡ್ತೀನಿ. ನಿಮ್ಮ ಸೀಲಿಂಗೂ ಬಿಚ್ಚೋದು ಬೇಡ, ಅಂಗಡೀನೂ ಮುಚ್ಚೋದು ಬೇಡ."

"ಮುರಿದ್ರೆ?"

ಅವನು ಬಗ್ಗಿ ಪಿಒಪಿ ಕಲಸತೊಡಗಿದ. ಅಪ್ಪ ಎದ್ದು ಬಂದು ಪಿಒಪಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಅವಳು ಗಾಜು ಹಿಡಿದಳು, ಅವನು ಮೆತ್ತಿದ. ಹೀಗೆ ಮನೆಯ ಎಲ್ಲ ಬಿರುಕುಗಳ ಮೇಲೂ ಅವಳು ಕತ್ತರಿಸಿದ ಗಾಜುಗಳೇ ಕುಳಿತವು.

ಅಂದಿನಿಂದ ವಾರಕ್ಕೊಮ್ಮೆ ಅವನು ಬರತೊಡಗಿದ. ಮಹಡಿಯಿಂದ ಶುರುಮಾಡಿ ಒಂದೊಂದೇ ಗಾಜು ನೋಡುತ್ತ, ಕೊನೆಯದಾಗಿ ಅವಳ ಅಂಗಡಿಗೆ ಬರುತ್ತಿದ್ದ. ಕೊನೆಯದಾಗಿ ಯಾಕೆ ಎಂದು ಟೈಲರ್ ಮಾವ ಬಹಳ ಬೇಗ ಕಂಡುಹಿಡಿದರು.

"ಇಡೀ ಮನೆ ನೋಡೋಕೆ ಹತ್ತು ನಿಮಿಷ. ನಿನ್ನ ಅಂಗಡಿ ಗಾಜು ನೋಡೋಕೆ ಒಂದು ಗಂಟೆ. ಅಷ್ಟು ಕಷ್ಟದ ಗಾಜಾ ಅದು?"

"ಮಾವ, ನಿಮ್ಮ ಹೊಲಿಗೆ ನೋಡ್ಕೊಳ್ಳಿ."

"ನೋಡ್ಕೋತಾನೇ ಇದೀನಮ್ಮ. ಯಾವ್ಯಾವುದು ಎಲ್ಲೆಲ್ಲಿ ಸೇರುತ್ತೆ ಅನ್ನೋದೇ ತಾನೇ ನನ್ನ ಕೆಲಸ."

ಅವಳ ಕಿವಿ ಬಿಸಿಯಾಯಿತು.

ಅವನು ಬಂದಾಗಲೆಲ್ಲ ಏನಾದರೊಂದು ಮರೆತು ಹೋಗುತ್ತಿದ್ದ. ಒಮ್ಮೆ ಟಾರ್ಚು, ಒಮ್ಮೆ ಕೊಡೆ. ಅವಳು ಬೈದುಕೊಂಡೇ ಎತ್ತಿಡುತ್ತಿದ್ದಳು. ಒಂದು ಮಧ್ಯಾಹ್ನ, ಹೊರಗೆ ಮಳೆ ಜೋರಾಗಿದ್ದಾಗ, ಅವನು ಚಹಾದ ಲೋಟ ಹಿಡಿದು ಸೀಲಿಂಗನ್ನೇ ನೋಡುತ್ತ ಕುಳಿತಿದ್ದ.

"ಮೇಲೆ ಒಂದು ಹೂವಿದೆ, ನಿಮಗೆ ಗೊತ್ತಾ?" ಎಂದ.

"ಅರ್ಧ ಹೂವು," ಎಂದಳು ಅವಳು ತಕ್ಷಣ. "ಈ ಫಾಲ್ಸ್ ಸೀಲಿಂಗ್ ಹಾಕೋಕೆ ಮುಂಚೆ ಕಾಣಿಸ್ತಿತ್ತು. ಗಾರೇಲಿ ಮಾಡಿದ ದೊಡ್ಡ ಹೂವು. ನಡುವೆ ಪ್ಲೈವುಡ್ ಬಂದು ಅರ್ಧ ನಮಗೆ, ಅರ್ಧ ಮಾವನಿಗೆ. ಚಿಕ್ಕವಳಿದ್ದಾಗ ಇಲ್ಲಿ ಅಂಗಾತ ಮಲಗಿ ಇದನ್ನ ನೋಡೋದು, ಆಮೇಲೆ ಆಚೆ ಓಡಿ ಮಾವನ ಅಂಗಡೀಲಿ ಮಲಗಿ ಅದನ್ನ ನೋಡೋದು. ಮನಸ್ಸಲ್ಲೇ ಎರಡನ್ನೂ ಜೋಡಿಸ್ತಿದ್ದೆ."

"ಸರಿಯಾಗಿ ಕೂಡ್ತಿತ್ತಾ?"

"ಒಂದು ದಿನಾನೂ ಇಲ್ಲ. ಓಡಿ ಹೋಗೋಷ್ಟರಲ್ಲಿ ಒಂದರ್ಧ ಮರೆತೇ ಹೋಗ್ತಿತ್ತು."

ಅವನು ನಗಲಿಲ್ಲ. ಅವಳನ್ನೇ ನೋಡಿದ. ಆ ನೋಟದಲ್ಲಿ ಏನಿತ್ತೋ, ಅವಳು ತಟ್ಟನೆ ಎದ್ದು ಒರೆಸಿಟ್ಟಿದ್ದ ಕನ್ನಡಿಯನ್ನೇ ಮತ್ತೆ ಒರೆಸತೊಡಗಿದಳು. ಕನ್ನಡಿಯಲ್ಲಿ ಕಂಡ ತನ್ನ ಮುಖ ಅವಳಿಗೇ ಅಪರಿಚಿತವಾಗಿತ್ತು... ಇಷ್ಟು ಚೆನ್ನಾಗಿ ಅದು ಎಂದೂ ಇರಲಿಲ್ಲ.

---

ಮಳೆ ಮುಗಿಯಿತು. ಅವನು ಕೊನೆಯ ಸಲ ಗಾಜು ನೋಡಲು ಬರುವ ದಿನ, ಅವಳು ಎಂದಿಗಿಂತ ಬೇಗ ಬಂದು ಶಟರ್ ಎತ್ತಿದಳು. ಒಳ್ಳೆಯ ಬಟ್ಟೆ ಉಟ್ಟಿದ್ದಳು. ಯಾಕೆಂದು ಕೇಳಿದರೆ ಹೇಳಲು ಒಂದು ಸುಳ್ಳನ್ನೂ ಸಿದ್ಧ ಮಾಡಿಕೊಂಡಿದ್ದಳು.

ಬೆಳಕು ಒಳಗೆ ಬಿತ್ತು. ಇಟ್ಟಿಗೆ ಗೋಡೆಯ ಮೇಲೆ ಗಾಜಿನ ಪಟ್ಟಿ ಎಂದಿನಂತೆ ಮಿನುಗಲಿಲ್ಲ.

ಹತ್ತಿರ ಹೋದಳು.

ಗಾಜು ಮುರಿದಿತ್ತು. ಸರಿಯಾಗಿ ಬಿರುಕಿನ ಮೇಲೆಯೇ, ಎರಡು ತುಂಡಾಗಿ.

ಗೋಡೆಯ ಮುಂದೆಯೇ ನೆಲದ ಮೇಲೆ ಕುಳಿತಳು. 'ಇಷ್ಟು ದಿನ ತಡೆದು, ಇವತ್ತೇ ಮುರೀಬೇಕಾ...' ಮೂಲೆಯಲ್ಲಿ ಅಪ್ಪನ ಖಾಲಿ ಸ್ಟೂಲು. ಇನ್ನರ್ಧ ಗಂಟೆಗೆ ಅಪ್ಪ ಬಂದು ಅದರ ಮೇಲೆ ಕೂರುತ್ತಾರೆ, ಮೊದಲ ಗಿರಾಕಿಗೆ ಕಾಯುತ್ತಾರೆ. ಅಂಗಡಿಯೇ ಇಲ್ಲದಿದ್ದರೆ ಅಪ್ಪ ಎಲ್ಲಿ ಕೂರಬೇಕು?

ಮುಂದಿನದನ್ನು ಮಾಡಿದ್ದು ಅವಳಲ್ಲ, ಅವಳ ಕೈಗಳು. ಹಾಗೆಂದು ನಾನು ಅವಳ ಪರ ವಕಾಲತ್ತು ವಹಿಸಬಹುದು. ಆದರೆ ಕೈಗಳಿಗೆ ತಾವೇ ತಾವಾಗಿ ಪಿಒಪಿ ಕಲಸಲು ಬರುವುದಿಲ್ಲ. ಅವಳು ಗೊತ್ತಿದ್ದೇ ಮಾಡಿದಳು. ಹಳೆಯ ತುಂಡುಗಳನ್ನು ಕಿತ್ತು ಕಾಗದದಲ್ಲಿ ಸುತ್ತಿದಳು. ಅದೇ ಗಾಜಿನ ಹಾಳೆಯಿಂದ ಅಷ್ಟೇ ಅಗಲದ ಪಟ್ಟಿ ಕತ್ತರಿಸಿದಳು. ಅದೇ ಜಾಗದಲ್ಲಿ ಕೂರಿಸಿ, ಹೊಸ ಪಿಒಪಿಯ ಬಿಳಿಯ ಮೇಲೆ ಚೂರು ಧೂಳು ಸವರಿದಳು. ಬೇರೆ ಯಾರೇ ಮಾಡಿದ್ದರೂ ಸಿಕ್ಕಿಬೀಳುತ್ತಿದ್ದರು. ಇವಳು ಮಾಡಿದ್ದನ್ನು ಪತ್ತೆಹಚ್ಚುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅವನು ಬಂದ. ಟಾರ್ಚು ಬಿಟ್ಟು ನೋಡಿದ. ಮುಖ ಅರಳಿತು.

"ನಿಂತಿದೆ. ಇಡೀ ಮನೇಲಿ ಒಂದೂ ಮುರಿದಿಲ್ಲ. ನಾಳೆ ಬೆಳಗ್ಗೆ ಯಜಮಾನಿಯವರಿಗೆ ವರದಿ ಕೊಟ್ಟುಬಿಡ್ತೀನಿ."

ಅಪ್ಪ ಸ್ಟೂಲಿನಿಂದ ಎದ್ದು ಅವನ ಎರಡೂ ಕೈ ಹಿಡಿದುಕೊಂಡರು. ಪಕ್ಕದಿಂದ ಟೈಲರ್ ಮಾವ, "ಎಲ್ಲರಿಗೂ ಚಹಾ ನನ್ನ ಲೆಕ್ಕ," ಎಂದು ಕೂಗಿದರು. ಅವಳೊಬ್ಬಳು ಮಾತ್ರ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡವಳಂತೆ ನಿಂತಿದ್ದಳು.

ಹೊರಡುವಾಗ ಅವನು ಬಾಗಿಲಲ್ಲಿ ತಿರುಗಿ ನಿಂತ. "ವರದಿ ಕೊಟ್ಟ ಮೇಲೆ ನಿಮ್ಮ ಹತ್ರ ಒಂದು ಮಾತಾಡೋದಿದೆ. ಇಷ್ಟು ದಿನ ಆಡಬಾರದು ಅಂತ ಸುಮ್ಮನಿದ್ದೆ. ನಿಮ್ಮ ಗೋಡೆ ನೋಡೋಕೆ ಬಂದವನು ನಾನು... ಮನಸ್ಸು ಒಂದು ಕಡೆ ವಾಲಿಬಿಟ್ರೆ ಕಣ್ಣಿಗೆ ಬೇಕಾದ್ದೇ ಕಾಣುತ್ತೆ. ಅದು ತಪ್ಪಾಗ್ತಿತ್ತು."

ಅವಳು ಕಾದಿದ್ದ ಮಾತು ಅದೇ. ಅದು ಬಂದಾಗ ತಲೆಯೆತ್ತಲೂ ಆಗಲಿಲ್ಲ. ಅವನು ತನ್ನ ಮನಸ್ಸನ್ನೂ ಅಳತೆಯಲ್ಲಿಟ್ಟುಕೊಂಡಿದ್ದ. ತಾನು?

---

ಮರುದಿನ ಬೆಳಗ್ಗೆ ಟೈಲರ್ ಮಾವ ತಮ್ಮ ಶಟರಿನ ಜೊತೆ ಕುಸ್ತಿ ಮಾಡುತ್ತಿದ್ದರು.

"ಎಣ್ಣೆ ಇದ್ರೆ ಕೊಡಮ್ಮ. ನಾಲ್ಕು ದಿನದಿಂದ ಇದರದ್ದು ಇದೇ ರಗಳೆ. ಇವತ್ತಂತೂ ಅರ್ಧಕ್ಕೇ ಸಿಕ್ಕಿಹಾಕ್ಕೊಂಡಿದೆ. ನನ್ನ ಹಾಗೇ ವಯಸ್ಸಾಯ್ತು ಅನ್ಸುತ್ತೆ." ಬಗ್ಗಿ ಅದರಡಿ ನುಸುಳಿ ಒಳಗೆ ಹೋಗಿ ಮಿಷನ್ನಿನ ಮುಂದೆ ಕುಳಿತೇಬಿಟ್ಟರು.

ಅವಳು ಎಣ್ಣೆಯ ಡಬ್ಬಿ ಹಿಡಿದು ಹೊರಗೆ ಬಂದಳು. ಶಟರನ್ನು ನೋಡಿದಳು. ಅದರ ಪಟ್ಟಿಗಳು ನೆಟ್ಟಗೇ ಇದ್ದವು, ತುಕ್ಕೂ ಹಿಡಿದಿರಲಿಲ್ಲ. ಶಟರು ಸುತ್ತಿಕೊಳ್ಳುವ ಮೇಲಿನ ಪೆಟ್ಟಿಗೆ ಮಾತ್ರ ಅವಳ ಅಂಗಡಿಯ ಕಡೆಗೆ ಸ್ವಲ್ಪ ಬಾಗಿತ್ತು. ಜೀವಮಾನವಿಡೀ ಫ್ರೇಮುಗಳನ್ನು ನೇರವಾಗಿ ನೇತುಹಾಕಿದ ಕಣ್ಣು ಅದು. ಅಷ್ಟು ಸೊಟ್ಟ ಅದಕ್ಕೆ ಸಾಕಾಗಿತ್ತು.

ಮೇಲಿನಿಂದ ಏನೋ ಇಳಿಯುತ್ತಿದೆ. ಶಟರನ್ನು ಒತ್ತುತ್ತಿದೆ.

ಅದರ ಕೆಳಗೆ ಮಾವ ಕುಳಿತಿದ್ದಾರೆ. ಮಹಡಿಯಲ್ಲಿ ಟ್ಯೂಷನ್ನಿನ ಮಕ್ಕಳು ಆಗತಾನೇ ದಡದಡ ಮೆಟ್ಟಿಲು ಹತ್ತುತ್ತಿದ್ದಾರೆ...

ಎಣ್ಣೆ ಡಬ್ಬಿ ಕೈಯಿಂದ ಜಾರಿತು.

"ಮಾವ, ಆಚೆ ಬನ್ನಿ."

"ಒಂದು ತೋಳು ಬಾಕಿ ಇದೆ, ಮುಗಿಸಿ—"

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲು ಆಚೆ ಬನ್ನಿ."

ಆ ದನಿ ಕೇಳಿ ಮಾವ ಮರುಮಾತಾಡಲಿಲ್ಲ. ಅವರನ್ನೂ ಅಪ್ಪನನ್ನೂ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿದಳು. ಮಹಡಿಗೆ ಓಡಿ ಮಕ್ಕಳನ್ನು ಹಿಂದಿನ ಮೆಟ್ಟಿಲಿಂದ ಇಳಿಸಿ ಮನೆಗೆ ಕಳಿಸಿದಳು. ಚಪ್ಪಲಿ ಅಂಗಡಿ, ಕೀಲಿಕೈ ಗೂಡು, ಎಲ್ಲರನ್ನೂ ಹೊರಡಿಸಿದಳು. ಕಾಗದದಲ್ಲಿ ಸುತ್ತಿಟ್ಟಿದ್ದ ಗಾಜಿನ ಚೂರುಗಳನ್ನು ತೆಗೆದುಕೊಂಡಳು. ಆಮೇಲೆ ಓಡಿದಳು.

ಯಜಮಾನಿಯವರು ಇರುವುದು ಮುಂದಿನ ಬೀದಿಯ ಒಂದು ಫ್ಲ್ಯಾಟಿನಲ್ಲಿ. ಬಾಗಿಲು ತೆರೆದೇ ಇತ್ತು. ಅವನು ಆಗಷ್ಟೇ ಬಂದು ಕುಳಿತಿದ್ದ. ವರದಿ ಮೇಜಿನ ಮೇಲಿತ್ತು, ಅವರು ಕನ್ನಡಕ ಹುಡುಕುತ್ತಿದ್ದರು. ಅವಳನ್ನು ನೋಡಿ ಅವನ ಮುಖದಲ್ಲಿ ಸಂತೋಷ ಮೂಡಿತು. ಆ ಸಂತೋಷವನ್ನು ತನ್ನ ಕೈಯಾರೆ ಕೊಲ್ಲಬೇಕಿತ್ತು.

ಕಾಗದ ಬಿಚ್ಚಿ ವರದಿಯ ಮೇಲೆಯೇ ಇಟ್ಟಳು.

"ನನ್ನ ಅಂಗಡಿ ಗಾಜು ಮುರಿದಿತ್ತು. ನಿನ್ನೆ ಬೆಳಗ್ಗೆ ನೋಡ್ದೆ. ನೀವು ಬರೋಕೆ ಮುಂಚೆ ನಾನೇ ಬದಲಾಯಿಸಿದೆ. ನೀವು ನೋಡಿದ್ದು ಹೊಸ ಗಾಜು." ಚೂರುಗಳನ್ನು ಅವನ ಕಡೆ ಸರಿಸಿದಳು. "ಇವತ್ತು ಮಾವನ ಶಟರ್ ಪೂರ್ತಿ ಮೇಲಕ್ಕೆ ಹೋಗ್ತಾ ಇಲ್ಲ. ಮೇಲಿನ ಪೆಟ್ಟಿಗೆ ಬಾಗಿದೆ."

ಆಗಷ್ಟೇ ಸಿಕ್ಕ ಕನ್ನಡಕ ಯಜಮಾನಿಯವರ ಕೈಯಲ್ಲೇ ನಿಂತಿತು.

ಅವನು ಆ ಎರಡು ಚೂರುಗಳನ್ನೇ ನೋಡಿದ. ಮುಖದಿಂದ ಬಣ್ಣ ಇಳಿಯಿತು. ಆಮೇಲೆ ಕೇಳಿದ್ದು ಇಷ್ಟೇ: "ಒಳಗೆ ಯಾರಿದಾರೆ?"

"ಯಾರೂ ಇಲ್ಲ. ಎಲ್ಲರನ್ನೂ ಆಚೆ ಕಳಿಸಿ ಬಂದೆ. ಮಹಡಿ ಮಕ್ಕಳನ್ನೂ."

ಅವನು ಎದ್ದ. ಅವಳ ಪಕ್ಕದಿಂದಲೇ ದಾಟಿಕೊಂಡು, ಅವಳತ್ತ ತಿರುಗಿಯೂ ನೋಡದೆ ಓಡಿದ.

'ಆಯ್ತು... ಎಲ್ಲಾ ಮುಗೀತು,' ಎಂದುಕೊಂಡಳು. ವಿಚಿತ್ರವೆಂದರೆ, ಕಣ್ಣಲ್ಲಿ ನೀರಿದ್ದರೂ ಗಂಟಲಿನ ಮುಳ್ಳು ಹೋಗಿತ್ತು.

---

ಮಧ್ಯಾಹ್ನದ ಹೊತ್ತಿಗೆ ಕಬ್ಬಿಣದ ಜಾಕಿಗಳು ಬಂದವು. ಕೆಲಸದವರು ಮಾವನ ಅಂಗಡಿಯಲ್ಲಿ ಒಂದೊಂದಾಗಿ ನಿಲ್ಲಿಸಿ, ತಿರುಗಿಸಿ ತಿರುಗಿಸಿ ಮೇಲಕ್ಕೆ ಒತ್ತಿ, ಭಾರ ಹಿಡಿದ ಮೇಲೆಯೇ ಸೀಲಿಂಗಿಗೆ ಕೈ ಹಾಕಿದರು. ಬೀದಿಯ ಆಚೆ ಬೆಂಚಿನ ಮೇಲೆ ಅಪ್ಪ, ಮಾವ, ಯಜಮಾನಿಯವರು ಸಾಲಾಗಿ ಕುಳಿತಿದ್ದರು. ಅವಳು ಕಂಬಕ್ಕೊರಗಿ ನಿಂತಿದ್ದಳು.

ಸಂಜೆಯ ಮೊದಲು ಅವನು ಹೊರಗೆ ಬಂದ. ಮೊದಲ ದಿನದಂತೆಯೇ ತಲೆಯಿಂದ ಕಾಲಿನವರೆಗೆ ಧೂಳು.

"ಗೋಡೆಗೆ ಏನೂ ಆಗಿಲ್ಲ," ಎಂದ.

ಯಾರಿಗೂ ಅರ್ಥವಾಗಲಿಲ್ಲ.

"ಹಜಾರವನ್ನ ಅಂಗಡಿ ಮಾಡುವಾಗ ಎರಡು ಕಿಟಕಿ, ನಡುವಿನ ದಪ್ಪ ಗೋಡೆ ಎಲ್ಲಾ ಒಡೆದುಹಾಕಿದಾರೆ. ಅಲ್ಲಿ ಈ ಸಣ್ಣ ಇಟ್ಟಿಗೆ ಗೋಡೆ ಎಬ್ಬಿಸಿ, ಎರಡು ತೊಲೆಗಳ ತುದಿ ಅದರ ಮೇಲೆ ಕೂರಿಸಿದಾರೆ. ಮಾವನ ಕಡೆ ತೊಲೆ ತುದಿಗೆ ಮಹಡಿ ಪೈಪಿನ ನೀರು ಸೋರಿ ಸೋರಿ ಕೊಳೆತುಹೋಗಿದೆ. ಫಾಲ್ಸ್ ಸೀಲಿಂಗ್ ಇದ್ದಿದ್ದಕ್ಕೆ ಕಾಣಿಸಿಲ್ಲ. ಅದು ಇಳಿದು ಒತ್ತಿದ್ದಕ್ಕೇ ಗಾಜು ಮುರಿದಿರೋದು. ಈಗ ಜಾಕಿ ಹಿಡ್ಕೊಂಡಿದೆ. ಪೈಪು ಸರಿ ಮಾಡಿ, ಆ ತೊಲೆಯೊಂದನ್ನ ಬದಲಾಯಿಸಿದ್ರೆ ಸಾಕು. ಮನೆ ಗಟ್ಟಿಯಾಗಿದೆ."

"ಗಟ್ಟಿಯಾಗಿದೆ ಅಂದ್ರೆ?" ಯಜಮಾನಿಯವರು ಕೇಳಿದರು.

"ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತೆ."

ಅಪ್ಪ ಮುಖ ಮುಚ್ಚಿಕೊಂಡು ಅತ್ತರು. ಎಷ್ಟೋ ತಿಂಗಳಿಂದ ಹಿಡಿದಿಟ್ಟಿದ್ದ ಉಸಿರನ್ನು ಆ ಬೆಂಚು ಒಟ್ಟಿಗೇ ಬಿಟ್ಟಿತು. ಮಾವ ಮಾತ್ರ, "ಹಾಗಾದ್ರೆ ಆ ತೋಳು ನಾಳೆ ಮುಗಿಸ್ಬಹುದಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಯಜಮಾನಿಯವರು ಅವಳನ್ನು ಹತ್ತಿರ ಕರೆದರು. "ನಾನು ಹುಟ್ಟಿದ ಮನೆ ಅದು. ಗಟ್ಟಿ ಇರೋದನ್ನ ಕೆಡವೋಕೆ ನನಗೇನು ಹುಚ್ಚಾ? ನಿನ್ನ ಮೇಲೆ ಸಿಟ್ಟು ಬಂದಿದೆ ಕಣೇ. ಓಡಿ ಬಂದು ಹೇಳಿದ್ದಕ್ಕೆ ಅರ್ಧ ಇಳಿದಿದೆ. ಇನ್ನರ್ಧ ನಿಧಾನಕ್ಕೆ ಇಳಿಯುತ್ತೆ. ನನ್ನ ಮುಂದೆ ಹಾಗೆ ನಡುಗಬೇಡ."

ಅವಳು ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೇ ಮಾಡಿದಳು. ತಲೆಯೆತ್ತಿ ನೋಡಿದರೆ ಅವನು ಮತ್ತೆ ಒಳಗೆ ಹೋಗಿಯಾಗಿತ್ತು.

---

ತೊಲೆ ಬದಲಾಯಿಸುವ ಕೆಲಸ ನಡೆಯಿತು. ಅವನು ದಿನವೂ ಬರುತ್ತಿದ್ದ. ಅವಳ ಹತ್ತಿರ ಕೆಲಸದ ಮಾತು ಬಿಟ್ಟು ಬೇರೇನೂ ಇಲ್ಲ. "ಆ ಕನ್ನಡಿ ಸ್ವಲ್ಪ ಆಚೆ ಇಡ್ತೀರಾ?" "ಇವತ್ತು ಧೂಳು ಜಾಸ್ತಿ." ಅಷ್ಟೇ. ಏನನ್ನೂ ಮರೆತು ಹೋಗುತ್ತಲೂ ಇರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ನೋವಾಗುತ್ತಿದ್ದದ್ದು.

'ಸುಳ್ಳು ಗಾಜು ಇಟ್ಟವಳ ಹತ್ರ ಇನ್ನೇನು ಮಾತು...' ಎಂದು ತನಗೆ ತಾನೇ ಹೇಳಿಕೊಂಡಳು. ಅಂಗಡಿ ಉಳಿಯಿತು, ಅಪ್ಪನ ಸ್ಟೂಲು ಉಳಿಯಿತು, ಯಾರ ತಲೆಯ ಮೇಲೂ ಏನೂ ಬೀಳಲಿಲ್ಲ. ಇಷ್ಟು ಸಾಲದೇ? ಸಾಕು ಎಂದು ಮನಸ್ಸು ಒಪ್ಪಬೇಕಲ್ಲ.

ಕೊನೆಯ ಎರಡು ದಿನ ಅವಳೂ ಅಪ್ಪನೂ ಸಾಮಾನು ಸಮೇತ ಹಿಂದಿನ ಕೋಣೆಯಲ್ಲಿದ್ದರು. ಕೆಲಸ ಮುಗಿದ ದಿನ ಟೈಲರ್ ಮಾವ ಬಂದು ಅದರ ಬಾಗಿಲಲ್ಲಿ ನಿಂತರು.

"ಇಂಜಿನಿಯರ್ರು ಕರೀತಿದಾರೆ. ಏಣಿ ತಗೊಂಡು ಬರಬೇಕಂತೆ."

"ನಾನ್ಯಾಕೆ?"

"ನನಗೇನು ಗೊತ್ತು? ನಾನು ಬರೀ ಹೊಲಿಗೆಯವನು." ಮಾವ ಅಪ್ಪನ ತೋಳು ಹಿಡಿದು ಎಬ್ಬಿಸಿ, "ಬಾರಯ್ಯ, ಚಹಾ ಕುಡಿಯೋಣ," ಎಂದು ಎಳೆದುಕೊಂಡೇ ಹೋದರು.

ಅವಳು ಏಣಿ ಹೊತ್ತು ಅಂಗಡಿಗೆ ಬಂದಳು. ಬಂದವಳು ನಿಂತಲ್ಲೇ ನಿಂತಳು.

ಪ್ಲೈವುಡ್ ಗೋಡೆ ಇರಲಿಲ್ಲ. ಫಾಲ್ಸ್ ಸೀಲಿಂಗ್ ಇರಲಿಲ್ಲ. ಎರಡು ಅಂಗಡಿ ಸೇರಿ ಹಳೆಯ ಹಜಾರ ಮತ್ತೆ ಒಂದಾಗಿತ್ತು. ಅದರ ನಡುನೆತ್ತಿಯಲ್ಲಿ, ಬೀದಿಯ ಬೆಳಕಿನಲ್ಲಿ, ಹೂವು ಇತ್ತು. ಇಡೀ ಹೂವು. ಪ್ಲೈವುಡ್ಡಿನ ಗೆರೆಯೊಂದು ನಡುವೆ ಉಳಿದಿತ್ತು, ಅಷ್ಟೇ.

"ನಾಳೆ ಮತ್ತೆ ಪ್ಲೈವುಡ್ ಹಾಕ್ತಾರೆ," ಎಂದ ಅವನು. "ಆದರೆ ಅರ್ಧ ಎತ್ತರಕ್ಕೆ ಮಾತ್ರ. ಸೀಲಿಂಗ್ ಮುಚ್ಚಬೇಡಿ ಅಂತ ಯಜಮಾನಿಯವರಿಗೆ ಹೇಳಿದೀನಿ, ಒಪ್ಪಿದಾರೆ. ಇನ್ನು ಓಡಿ ಓಡಿ ಜೋಡಿಸೋದು ಬೇಡ. ಹತ್ತಿ, ಹತ್ತಿರದಿಂದ ನೋಡಿ. ನಾನು ಹಿಡ್ಕೋತೀನಿ."

ಅವಳು ಹತ್ತಿದಳು. ಕೈ ಚಾಚಿ ಒಂದು ಎಸಳನ್ನು ಮುಟ್ಟಿದಳು. ಕಣ್ಣು ತುಂಬಿ ಹೂವು ಮತ್ತೆ ಮಸುಕಾಯಿತು.

"ನನ್ನ ಮೇಲೆ ಸಿಟ್ಟಿಲ್ವಾ ನಿಮಗೆ?" ಕೆಳಗೆ ನೋಡದೆ ಕೇಳಿದಳು.

"ಒಂದು ದಿನ ಇತ್ತು. ಆಮೇಲೆ ನನ್ನ ಮೇಲೇ ಬಂತು."

"ನಿಮ್ಮ ಮೇಲಾ?"

"ಮೊದಲ ದಿನ ಇನ್ನೆರಡು ಹಲಗೆ ತೆಗೆದು, ಮಾವನ ಕಡೆಯೂ ನೋಡಿದ್ದಿದ್ರೆ ಆ ಕೊಳೆತ ತುದಿ ಅವತ್ತೇ ಕಾಣಿಸ್ತಿತ್ತು. ನೀವು ಇಳೀರಿ ಅಂದ್ರಿ, ಇಳಿದೆ. ಆಮೇಲೆ ಕೇಳಿದ್ರೆ ನಿಮ್ಮ ಅಂಗಡಿ ಮುಚ್ಚಿಸ್ಬೇಕಾಗುತ್ತೆ, ನಿಮಗೆ ಬೇಜಾರಾಗುತ್ತೆ ಅಂತ ಕೇಳಲೇ ಇಲ್ಲ. ಮನಸ್ಸು ವಾಲಬಾರದು ಅಂತ ನಿಮಗೆ ದೊಡ್ಡದಾಗಿ ಹೇಳಿದ್ನಲ್ಲ... ಅದು ಯಾವತ್ತೋ ವಾಲಿಹೋಗಿತ್ತು. ಆ ನಾಚಿಕೆಗೆ ಇಷ್ಟು ದಿನ ನಿಮ್ಮ ಮುಖ ನೋಡೋಕಾಗಲಿಲ್ಲ."

ಅವಳು ಕೆಳಗೆ ನೋಡಿದಳು. ಧೂಳು ತುಂಬಿದ ಆ ಮುಖ ಏಣಿ ಹಿಡಿದು ಅವಳನ್ನೇ ನೋಡುತ್ತಿತ್ತು. ಅವನೂ ತನ್ನಂತೆಯೇ ಹೆದರಿದ್ದನೇ! ಎದೆಯ ಮೇಲಿನ ಭಾರ ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

"ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ," ಎಂದ ಅವನು. "ಆ ಗಾಜು ಅಷ್ಟು ಚೆನ್ನಾಗಿ ಕೂರಿಸಿದ್ರಿ. ಯಾರೂ ಕೇಳದೆ, ಅಂಗಡಿ ಹೋಗುತ್ತೆ ಅಂತ ಗೊತ್ತಿದ್ದೂ ಓಡಿ ಬಂದು ಹೇಳಿದ್ರಿ. ಅವತ್ತು ಬಾಕಿ ಇಟ್ಟ ಮಾತು ಈಗ ಆಡಲಾ?"

ಅವಳು ಗೋಣಾಡಿಸಿದಳು. ಏಣಿ ನಡುಗುತ್ತಿತ್ತು. ನಡುಗಿಸುತ್ತಿದ್ದವರು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ.

"ನಿಮ್ಮ ಜೊತೆ ಬಾಳಬೇಕು ಅಂತ ಆಸೆ ಇದೆ ನನಗೆ. ಒಪ್ಪಿಗೆ ಇದ್ರೆ ಇನ್ನೊಂದು ಗಾಜಿನ ಪಟ್ಟಿ ಕತ್ತರಿಸಿಕೊಡಿ."

"ಈಗ ಯಾವ ಗೋಡೆಗೆ?"

"ಗೋಡೆಗಲ್ಲ. ನಮ್ಮಿಬ್ಬರ ನಡುವೆ ಇಟ್ಕೊಳ್ಳೋಣ. ಎಲ್ಲಾದ್ರೂ ಬಿರುಕು ಬಿಟ್ರೆ ಮೊದಲೇ ಗೊತ್ತಾಗುತ್ತೆ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಗಾಜು ಬೇಡ," ಎಂದಳು. "ಏನಾದ್ರೂ ಮುರಿದ್ರೆ ನಾನೇ ಬಂದು ಹೇಳ್ತೀನಿ."

"ತಕ್ಷಣ?"

"ತಕ್ಷಣ. ನೀವೂ ಹೇಳ್ಬೇಕು."

"ಹೇಳ್ತೀನಿ." ಅವನು ಒಂದು ಕೈ ಏಣಿಯಿಂದ ಬಿಟ್ಟು ಮೇಲಕ್ಕೆ ಚಾಚಿದ. "ಈಗ ಇಳೀರಿ ಕೆಳಗೆ."

ಅವಳು ಆ ಕೈ ಹಿಡಿದು ಇಳಿದಳು.